ಹಾಕದೆ ಉಳಿದ ಸ್ಕ್ರೂ

ಊರಿಗೆಲ್ಲ ಅವಳು ಕನ್ನಡಕದಕ್ಕ. ಮೂವತ್ತು ವರ್ಷದಿಂದ ಅದೇ ಅಂಗಡಿ, ಅದೇ ಮೇಜು. ಬಾಯಿ ಮಾತ್ರ ಬಲು ಜೋರು. ಗಾಜನ್ನು ಅಂಗಿಯ ತುದಿಯಲ್ಲಿ ಒರೆಸುವವರು ಕಂಡರೆ ಮುಖಮೂತಿ ನೋಡದೆ ಬೈಯುತ್ತಿದ್ದಳು. ಅವಳ ಬೈಗುಳಕ್ಕೆ ಕ್ಯಾರೇ ಅನ್ನದವನು ತಮ್ಮನೊಬ್ಬನೇ. ತಾಯಿ ಹೋದ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದವನು; ನಲವತ್ತಾದರೂ ಅವಳಿಗೆ ಮಗುವೇ. ಅವನಿಗೋ ಗ್ಲೈಡರ್ ಹುಚ್ಚು. ಎಂಜಿನ್ನೇ ಇಲ್ಲದ ವಿಮಾನವನ್ನು ಗಾಳಿಯನ್ನು ನಂಬಿ ಹಾರಿಸುವುದು ಹುಚ್ಚಲ್ಲದೆ ಇನ್ನೇನು!

ಅವನಿಗೆ ನಲವತ್ತು ತುಂಬಿದ ದಿನ ಅವಳು ಪೋಲರೈಸ್ಡ್ ಗಾಜಿನ ಕೂಲಿಂಗ್ ಗ್ಲಾಸ್ ಮಾಡಿಕೊಟ್ಟಳು. ಕಣ್ಣು ಕುಕ್ಕುವ ಹೊಳಪನ್ನೆಲ್ಲ ನುಂಗಿಹಾಕುವ ಗಾಜು, ಅಂಗಡಿಯಲ್ಲೇ ಎಲ್ಲಕ್ಕಿಂತ ಒಳ್ಳೆಯದು. ಅವನು ಕುಣಿದಾಡಿದ. ಮರುವಾರ ನೋಡಿದರೆ ತನ್ನ ಹಳೆಯ ಸಾದಾ ಕೂಲಿಂಗ್ ಗ್ಲಾಸ್ ಹಿಡಿದು ಬಂದ.

"ಅಕ್ಕಾ, ಇದರ ಕಡ್ಡಿ ಕಳಚ್ಕೊಂಡಿದೆ. ಒಂದು ಸ್ಕ್ರೂ ಹಾಕ್ಕೊಡೇ."

"ಹೊಸದಕ್ಕೇನು ಬಂತೋ? ಈ ದರಿದ್ರ ಹಳೇದ್ಯಾಕೆ ನಿಂಗೆ?"

"ಇರ್ಲಿ ಬಿಡೇ, ಇದೂ ಒಂದು."

ಅವಳಿಗೆ ಉರಿದುಹೋಯಿತು. ಇವತ್ತು, ನಾಳೆ ಎಂದು ಸತಾಯಿಸಿದಳು. ಹಳೆಯದು ಸಿಗದಿದ್ದರೆ ತಾನು ಕೊಟ್ಟಿದ್ದನ್ನೇ ಹಾಕುತ್ತಾನೆ, ಎಲ್ಲಿಗೆ ಹೋಗುತ್ತಾನೆ ಎಂದುಕೊಂಡಳು.

ಮೂರನೆಯ ಭಾನುವಾರ ಅವನ ಗ್ಲೈಡರ್ ಆಕಾಶದಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆಯಿತು. ಆ ಇನ್ನೊಬ್ಬ ಪ್ಯಾರಾಚೂಟಿನಲ್ಲಿ ಇಳಿದ. ತಮ್ಮ ಬದುಕಲಿಲ್ಲ.

ಕೆಲವು ದಿನ ಕಳೆದು, ಅವನಿಗೆ ಹಾರುವುದನ್ನು ಕಲಿಸಿದ ಮೇಷ್ಟ್ರು ಅಂಗಡಿಗೆ ಬಂದರು. ಮೈದಾನದಲ್ಲಿ ಅವನು ಬಿಟ್ಟುಹೋಗಿದ್ದ ಬ್ಯಾಗು ತಂದಿದ್ದರು. ಅದರಲ್ಲಿ ಅವಳು ಕೊಟ್ಟ ಕನ್ನಡಕ ಡಬ್ಬಿಯೊಳಗೆ ಒಂದು ಗೀರೂ ಇಲ್ಲದೆ ಕೂತಿತ್ತು.

"ಹಾಕ್ಕೊಂಡಿರ್ಲಿಲ್ವಾ ಮೇಷ್ಟ್ರೇ?"

"ನಾನೇ ಬೇಡ ಅಂದಿದ್ದೆ ಕಣಮ್ಮಾ. ಎದುರಿಗೆ ಬರೋ ಗ್ಲೈಡರ್ ರೆಕ್ಕೆ ಬಿಸಿಲಿಗೆ ಫಳ್ ಅನ್ನುತ್ತೆ. ಎಷ್ಟೋ ಸಲ ಅದನ್ನ ನೋಡೇ ನಾವು ಪಕ್ಕಕ್ಕೆ ತಿರುಗೋದು. ಈ ಗಾಜು ಆ ಹೊಳಪನ್ನೇ ತಿಂದ್ಹಾಕುತ್ತೆ."

"ಅಯ್ಯೋ, ನಂಗೊಂದು ಮಾತು ಹೇಳ್ಬಾರ್ದಿತ್ತಾ ಅವ್ನು!"

"ಅಕ್ಕ ನೊಂದ್ಕೋತಾಳೆ, ಹಳೇದನ್ನ ರಿಪೇರಿಗೆ ಕೊಟ್ಟಿದೀನಿ ಅಂದ. ಅವತ್ತು ಬರಿಗಣ್ಣಲ್ಲೇ ಹೋದ. ಬಿಸಿಲು ನೆಟ್ಟಗೆ ಮುಖಕ್ಕೇ ಹೊಡೀತಿತ್ತು."

ಮೇಷ್ಟ್ರು ಹೋದ ಮೇಲೆ ಅವಳು ಮೇಜಿನ ಡ್ರಾಯರ್ ಎಳೆದಳು. ಹಳೆಯ ಕನ್ನಡಕ ಅವನು ಕೊಟ್ಟ ಹಾಗೆಯೇ ಇತ್ತು, ಕಡ್ಡಿ ಬೇರೆ, ಫ್ರೇಮು ಬೇರೆ. ಸ್ಕ್ರೂ ಹಾಕಿ ತಿರುಗಿಸಿದಳು. ಎರಡು ನಿಮಿಷವೂ ಹಿಡಿಯಲಿಲ್ಲ.

"ಆಯ್ತು, ತಗೊಳ್ಳೋ" ಎಂದು ಕೈ ಮುಂದೆ ಚಾಚಿದವಳು, ಹಾಗೇ ಮೇಜಿನ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತಳು.