ಗೋದಜ್ಜಿಯ ಆ ಮಾತು

ಎದುರಿಗಿಲ್ಲದವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಕಾಶಿಯಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಭೇಲೂಪುರದ ಬಾಡಿಗೆ ಮನೆಯಲ್ಲಿ ಕುಳಿತು ಕಂಪ್ಯೂಟರಿನ ಕರ್ನಲ್‌ಗೆ, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ, ಪ್ರೊಸೆಸರಿನ ವೇಗವನ್ನು ಹಿಡಿತದಲ್ಲಿಡುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಗೋದಜ್ಜಿ ಇದ್ದರು. ಗದಗಿನ ಕಡೆಯವರು. ಗಂಡ ತೀರಿಕೊಂಡ ಮೇಲೆ, ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದವರು. ಸಂಜೆ ಚಹಾ ಹಿಡಿದು ಬಂದು, "ಇವತ್ತರ ಓಡ್ತೇನೋ ತಮ್ಮಾ ನಿನ್ನ ಡಬ್ಬಿ?" ಎಂದು ಕೇಳುತ್ತಿದ್ದರು.

ಓಡುತ್ತಿರಲಿಲ್ಲ. ಪ್ರೊಸೆಸರಿನ ವೇಗಕ್ಕೆ ಕೆಳಗೊಂದು, ಮೇಲೊಂದು ಮಿತಿ ಇರುತ್ತದೆ. ಎರಡನ್ನೂ ಏರಿಸಲು ಹೇಳಿದರೂ ನನ್ನ ಡ್ರೈವರ್ ಹಳೆಯದಕ್ಕೇ ಕಚ್ಚಿಕೊಂಡಿರುತ್ತಿತ್ತು. ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ.

ಅಂದು ಬೆಳಗ್ಗೆ ಅಜ್ಜಿ ಗೆಳತಿಯೊಬ್ಬರ ಜೊತೆ ಗಂಗೆ ದಾಟಿ ರಾಮನಗರಕ್ಕೆ ಹೋಗಿದ್ದರು. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತ್ತು; ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಬಾಗಿಲ ಬಳಿಯಿಂದ ಅಜ್ಜಿಯ ದನಿ ಸ್ಪಷ್ಟವಾಗಿ ಕೇಳಿಸಿತು: "ತಮ್ಮಾ, ಮೊದಲ ಮ್ಯಾಲಿಂದು ಎತ್ತು. ಆಮ್ಯಾಲೆ ಕೆಳಗಿಂದು."

ತಿರುಗದೆಯೇ "ಹೂಂ ಅಜ್ಜಿ" ಅಂದೆ. ಅಂದವನಿಗೆ ಥಟ್ಟನೆ ಹೊಳೆಯಿತು. ನಾನು ಕೆಳಮಿತಿಯನ್ನು ಮೊದಲು ಏರಿಸುತ್ತಿದ್ದೆ. ಅದು ಹಳೆಯ ಮೇಲ್ಮಿತಿಯನ್ನು ದಾಟುತ್ತಿದ್ದರಿಂದ ಕರ್ನಲ್ ಒಪ್ಪುತ್ತಿರಲಿಲ್ಲ. ಸಾಲುಗಳನ್ನು ಅದಲುಬದಲು ಮಾಡಿದೆ. ಯಂತ್ರ ಓಡಿತು! ಖುಷಿಯಲ್ಲಿ ಹೇಳಲು ಎದ್ದು ಹೋದರೆ ಅಜ್ಜಿಯ ಕೋಣೆಗೆ ಬೀಗ.

ಸ್ವಲ್ಪ ಹೊತ್ತಿಗೆ ವಿಶ್ವನಾಥ ಗಲ್ಲಿಯ ನಮ್ಮ ಪುರೋಹಿತರ ಫೋನು. "ಗೋದಜ್ಜಿ ಹೋಗ್ಬಿಟ್ರು ಕಣಪ್ಪಾ. ಬೆಳಗ್ಗೆ ರಾಮನಗರದ ಬಜಾರಲ್ಲಿ ಬಿದ್ರಂತೆ. ಅಲ್ಲೇ ಆಸ್ಪತ್ರೇಲಿ... ಬಿದ್ದಾಗಿನಿಂದ ಮಾತೇ ಹೊರಟಿರಲಿಲ್ಲ."

ಕಾಶಿಯಲ್ಲಿ ಸಾಯಲೆಂದೇ ಬಂದವರು ಗಂಗೆಯ ಆಚೆ ದಡದಲ್ಲಿ ಹೋದರು. ಆ ದಡದಲ್ಲಿ ಸತ್ತರೆ ಮುಕ್ತಿಯಿಲ್ಲ ಎಂದು ನಂಬಿದ್ದವರು. ಅಂಥ ಹೊತ್ತಿನಲ್ಲಿ ನನ್ನ ಡ್ರೈವರಿನ ಚಿಂತೆ ಅವರಿಗೆ ಏಕೆ ಬಂದೀತು? ಬೇರೇನನ್ನೋ ಹೇಳಿದ್ದಿರಬೇಕು. ನಾನು ನನಗೆ ಬೇಕಾದ್ದನ್ನು ಕೇಳಿಸಿಕೊಂಡೆನೇನೋ.

ಕ್ರಿಯೆಗೆಂದು ಗದಗಿನಿಂದ ಅವರ ತಮ್ಮ ಬಂದರು. ಘಾಟಿನ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, "ಅಕ್ಕ ಕಡೀಕ ಏನರ ಅಂದಳೇನ್ರೀ?" ಎಂದು ಕೇಳಿದರು. ಹುಚ್ಚನೆಂದುಕೊಂಡಾರು ಅನಿಸಿ, ಇಲ್ಲವೆಂದು ತಲೆಯಾಡಿಸಿದೆ.

ಹೇಳಿಬಿಡಬೇಕಿತ್ತು. ಅವರಿಗಾದರೂ ಅದರ ಅರ್ಥ ಗೊತ್ತಾಗುತ್ತಿತ್ತೇನೋ.