ನಾನು ತಿದ್ದಿದ ಕೈ

ಪುಟ್ಟಲಕ್ಷ್ಮಿ, ನಿನಗೆ ಬಹುಮಾನ ತಂದ ಆ ಚಿತ್ರ ನಿನ್ನದಾಗಿರಲಿಲ್ಲ. ನಿನ್ನ ಚಿತ್ರದ ಮೇಲೆ ಬಣ್ಣ ಬಳಿದು, ನಿನ್ನ ಹೆಸರಿನಲ್ಲೇ ಕಳಿಸಿದವನು ನಾನು — ನಿನ್ನ ಡ್ರಾಯಿಂಗ್ ಮೇಷ್ಟ್ರು. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹತ್ತಿರದ ಶಾಲೆಗೆ ನಾನು ಹೊಸದಾಗಿ ಬಂದಿದ್ದೆ. ನೀನು ಆರನೇ ಕ್ಲಾಸು. ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದೆ, ಅಷ್ಟೇ. ತಾಲ್ಲೂಕು ಸ್ಪರ್ಧೆಗೆ ಅಮ್ಮನ ಚಿತ್ರ ಬರೆಯಿರಿ ಎಂದು ನಾನು ಹೇಳಿದಾಗ ಮಾತ್ರ ನೀನು ಎರಡು ಪಿರಿಯಡ್ ತಲೆ ಎತ್ತದೆ ಬರೆದೆ. ಮಗ್ಗದ ಮುಂದೆ ನಿಂತ ನಿಮ್ಮವ್ವ. ಒಂದು ಕೈ ಸಣ್ಣ, ಇನ್ನೊಂದು ಸೋರೆಕಾಯಿಯಷ್ಟು ದಪ್ಪ.

ಅಳತೆ ಗೊತ್ತಿಲ್ಲದ ಹುಡುಗಿ ಅಂದುಕೊಂಡೆ. ನಿನ್ನನ್ನು ಒಂದು ಮಾತು ಕೇಳಬಹುದಿತ್ತು — ಕೇಳಲಿಲ್ಲ. ನೀವೆಲ್ಲ ಮನೆಗೆ ಹೋದ ಮೇಲೆ ಆ ಕೈ ಸಣ್ಣ ಮಾಡಿದೆ, ಮುಖಕ್ಕೆ ನಗು ತಂದೆ, ಸೀರೆಗೆ ಅಂಚು ಹಾಕಿದೆ. ಶಾಲೆಗೊಂದು ಬಹುಮಾನ ಬೇಕಾಗಿತ್ತು. ಸರಿಯಾಗಿ ಹೇಳಬೇಕೆಂದರೆ, ನನಗೆ ಬೇಕಾಗಿತ್ತು.

ಬಂತು. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಾಗ ನೀನು ಚಿತ್ರ ನೋಡಿ ಮೆಲ್ಲಗೆ ಅಂದೆ:

"ಇದು ನಮ್ಮವ್ವ ಅಲ್ಲ ಸಾ. ನಮ್ಮವ್ವಂಗೆ ಮಗ್ಗದಲ್ಲಿ ಏಟು ಬಿದ್ದು ಕೈ ಊದ್ಕೊಂಡೈತೆ."

ನೀನು ನನ್ನ ಜೊತೆ ಆಡಿದ ಮೊದಲ ಮಾತು. ನಾನು — "ಸುಮ್ನಿರಮ್ಮ, ಎಲ್ರೂ ನೋಡ್ತಿದಾರೆ" ಅಂದೆ.

ಆಮೇಲೆ ತಿಂಗಳುಗಟ್ಟಲೆ ನೀನು ಬಾಯಿ ಬಿಡಲಿಲ್ಲ, ಬಣ್ಣ ಮುಟ್ಟಲಿಲ್ಲ.

ನಾನು ಮಕ್ಕಳ ಹಾಳೆಯ ಮೇಲೆ ಕೈಯಿಡುವುದನ್ನು ಬಿಟ್ಟೆ. ಶುಕ್ರವಾರ ಎಲ್ಲರ ಚಿತ್ರಗಳನ್ನು ದಾರಕ್ಕೆ ನೇತುಹಾಕಿಸಿ, ಬರೆದವರೇ ಅದರ ಬಗ್ಗೆ ಹೇಳಲಿ, ಉಳಿದವರು ಏನಾದರೂ ಕೇಳಲಿ, ಆದರೆ ನಗಬಾರದು ಎಂದೆ. ಒಂದು ಶುಕ್ರವಾರ ಜಗಳಗಂಟಿ ಸುಶೀಲ, ಮನೆ ಬಿಟ್ಟುಹೋದ ಅಣ್ಣನ ಚಿತ್ರ ತೋರಿಸುತ್ತಾ ಅತ್ತುಬಿಟ್ಟಳು. ನೀನು ಎದ್ದು ಹೋಗಿ ಅವಳ ಪಕ್ಕ ಕೂತೆ. ಮುಂದಿನ ವಾರ ಇಬ್ಬರೂ ಒಂದೇ ಹಾಳೆಯಲ್ಲಿ ಬರೆದಿರಿ, ನೀಲಿ ಬಣ್ಣಕ್ಕೆ ಕಿತ್ತಾಡಿದಿರಿ. ನಿನ್ನ ಗಂಟಲು ಅಷ್ಟು ದೊಡ್ಡದೆಂದು ಅವತ್ತೇ ಗೊತ್ತಾಗಿದ್ದು. ಆ ದಿನ ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಆ ಶುಕ್ರವಾರಗಳಿಂದ ನನಗೆ ಹೆಸರು ಬಂತು. ಬೇರೆ ಶಾಲೆಯ ಮೇಷ್ಟ್ರುಗಳು ಬಂದು, ಎಲ್ಲಿ ಕಲಿತಿರಿ ಎಂದು ಕೇಳುತ್ತಿದ್ದರು. ಟ್ರೈನಿಂಗಿನಲ್ಲಿ ಎನ್ನುತ್ತಿದ್ದೆ. ನಿವೃತ್ತಿಯ ದಿನವೂ ಅದನ್ನೇ ಹೇಳಿದೆ. ಒಂದು ಹುಡುಗಿಗೆ ಅನ್ಯಾಯ ಮಾಡಿ ಕಲಿತೆ ಎನ್ನಲು — ನಾಲಿಗೆ ಏಳಲಿಲ್ಲ.

ಹೋದ ವಾರ ಬಸ್ಸಿನಲ್ಲಿ ಸುಶೀಲ ಸಿಕ್ಕಿದ್ದಳು. ನೀನು ದೊಡ್ಡಬಳ್ಳಾಪುರದಲ್ಲೇ ಇದ್ದೀಯಂತೆ, ನಿಮ್ಮವ್ವ ನಿನ್ನ ಜೊತೆ ಚೆನ್ನಾಗಿದ್ದಾರಂತೆ. ಕೇಳಿ ಹಗುರವಾಯಿತು.

ಭಾನುವಾರ ಬರುತ್ತೇನೆ. ಈ ಕಾಗದ ನಿನ್ನ ಕೈಗೆ ಕೊಟ್ಟು ಹೊರಟುಬಿಡುವುದಿಲ್ಲ. ನಿಮ್ಮವ್ವನ ಎದುರು ಕೂತು ನಾನೇ ಓದುತ್ತೇನೆ. ಆಮೇಲೆ ಅವರು ಏನಂದರೂ ಕೇಳಿಸಿಕೊಳ್ಳುತ್ತೇನೆ.