ನನ್ನೆರಡು ಬೆರಳುಗಳು ಪಾಲಾದದ್ದು

ಮೂವತ್ತೊಂದು ವರ್ಷ ನನ್ನ ಬಲಗೈಯ ನಡುಬೆರಳು ಮತ್ತು ಉಂಗುರಬೆರಳು ಒಂದೇ ಚರ್ಮದೊಳಗೆ ಅವಿಭಕ್ತ ಕುಟುಂಬವಾಗಿ ಬಾಳಿದವು. ಹುಟ್ಟಿನಿಂದ ಕೂಡಿಕೊಂಡಿದ್ದ ಅವಕ್ಕೆ ಪರಸ್ಪರ ಯಾವ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ನನಗೆ. ಎಂಬತ್ತರ ದಶಕದಲ್ಲೊಮ್ಮೆ ಜ್ವರಕ್ಕೆಂದು ರಾಬರ್ಟ್‌ಸನ್‌ಪೇಟೆಯ ಡಾಕ್ಟರ ಬಳಿ ಹೋದಾಗ, ದೊಡ್ಡವರಿಗೂ ಇದನ್ನು ಬಿಡಿಸಬಹುದು ಎಂದು ಅವರು ಹೇಳಿದರು. ಜ್ವರ ಅಲ್ಲೇ ಮರೆತುಹೋಯಿತು.

ಅಮ್ಮ ಒಪ್ಪಲಿಲ್ಲ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ನಮ್ಮ ಮನೆ ನಡೆಯುತ್ತಿದ್ದದ್ದು ಒಂದು ಕೆಂಪು ಹಸುವಿನ ಹಾಲಿನಿಂದ. ಆ ಹಸು ಕೆಚ್ಚಲು ಮುಟ್ಟಿಸಿಕೊಳ್ಳುತ್ತಿದ್ದದ್ದು ನನ್ನ ಕೈಯಿಂದ ಮಾತ್ರ.

“ಚೆನ್ನಾಗಿರೋರ್ನ ಯಾಕ್ಲಾ ಬ್ಯಾರೆ ಮಾಡ್ತೀಯ? ಅಸ ನಿನ್ ಕೈ ಗುರ್ತು ಇಡೀದಿದ್ರೆ ಏನ್ಲಾ ಗತಿ?”

ನಾನು ಬೆಂಗಳೂರಿನ ರೈಲು ಹತ್ತಿದೆ. ಅಲ್ಲಿನ ಸರ್ಜನ್ನರು ಅಂಕುಡೊಂಕಾಗಿ ಗಡಿ ಗುರುತಿಸಿ ಪಾಲು ಮಾಡಿದರು. ಎರಡೂ ಕಡೆಗೆ ಚರ್ಮ ಸಾಲದೆ, ಈ ವ್ಯಾಜ್ಯಕ್ಕೆ ಸಂಬಂಧವೇ ಇಲ್ಲದ ತೊಡೆಯಿಂದ ತುಸು ತಂದು ಹೊಲಿದರು. ತೊಡೆ ಬೆರಳಿಗಿಂತ ಹೆಚ್ಚು ದಿನ ಗೊಣಗಿತು.

ಕೈಗೆ ಬ್ಯಾಂಡೇಜು ಇದ್ದಾಗ ಹಾಲು ಕರೆಯಲು ಹೋದ ನನ್ನ ಹೆಂಡತಿಯನ್ನು ಹಸು ಒದ್ದಿತು. ಅಮ್ಮ ಯೋಚಿಸಿ, ಸೊಸೆಯ ಅದೇ ಎರಡು ಬೆರಳುಗಳನ್ನು ಹಳೆಯ ಸೀರೆಯಂಚಿನಿಂದ ಬಿಗಿದು ಕಟ್ಟಿ ಕೂರಿಸಿದಳು. ಹಸು ಅರ್ಧ ಹಾಲು ಕೊಟ್ಟಿತು. ಅಮ್ಮನ ಸಿದ್ಧಾಂತಕ್ಕೆ ಅಷ್ಟು ಪುರಾವೆ ಸಾಕಾಯಿತು. ಹೀಗೆ ಕೆಲವು ವಾರ ನಮ್ಮ ಮನೆಯಲ್ಲಿ ಬೆರಳು ಬಿಡಿಸಿಕೊಂಡವನು ನಾನು, ಕೂಡಿಸಿಕೊಂಡವಳು ಅವಳು.

ಹೊಲಿಗೆ ಬಿಚ್ಚಿಸಿ, ಬೆರಳುಗಳಿಗೆ ಬೇರೆ ಬೇರೆಯಾಗಿ ಮಡಿಯುವುದನ್ನು ಕಲಿಸಿ, ಡಾಕ್ಟರು ಹೂಂ ಅಂದ ಮೇಲೆ ಒಂದು ಬೆಳಗ್ಗೆ ಚೊಂಬು ಹಿಡಿದು ಕೊಟ್ಟಿಗೆಗೆ ಹೋದೆ. ನನಗೂ ಆ ಸೀರೆಯಂಚು ಕಟ್ಟಲು ಅಮ್ಮ ಹಿಂದೆಯೇ ಬಂದಳು. ಬೇಡವೆಂದೆ. ಹಸು ಒಲ್ಲೆನೆಂದರೆ ಅಮ್ಮನ ಮುಂದೆ ತಲೆ ಎತ್ತುವಂತಿರಲಿಲ್ಲ. ಮನೆಯ ಗಂಜಿಯ ಮಾತಂತೂ ಬೇರೆ.

ಹೆಂಡತಿ ಬಾಗಿಲಲ್ಲಿ ನಿಂತು, “ಅದು ಒದ್ರೆ ನಗಬ್ಯಾಡ ಅಂತ ಮಾತ್ರ ನಂಗೆ ಯೋಳ್ಬೇಡಿ” ಅಂದಳು.

ಕೆಚ್ಚಲಿಗೆ ಕೈ ಹಾಕಿದೆ. ಹಸು ಕತ್ತು ತಿರುಗಿಸಿ, ಕೋರ್ಟಿನಲ್ಲಿ ಸಾಕ್ಷಿಯನ್ನು ನೋಡುವಂತೆ ನನ್ನನ್ನು ನೋಡಿತು. ಆಮೇಲೆ ಹುಲ್ಲಿಗೆ ಬಾಯಿ ಹಾಕಿತು. ಚೊಂಬು ನೊರೆಗಟ್ಟಿ ತುಂಬಿತು, ಒಂದು ತೊಟ್ಟೂ ಕಡಮೆಯಿಲ್ಲ.

“ನೆನ್ನೇನೇ ಅದ್ರ ಕಿವೀಲಿ ಯೋಳಿದ್ದೆ ಕಣ್ಲಾ, ಆಪ್ರೇಸನ್ ಆಗೈತೆ, ನಮ್ಮುಡ್ಗನೇ ಅಂತ” ಅಂದಳು ಅಮ್ಮ.

ಗುರಿ ತಪ್ಪಿದ ಧಾರೆಯೊಂದು ಕೈಮೇಲೆ ಬಿದ್ದು, ಎರಡು ಬೆರಳ ನಡುವಿನ ಹೊಸ ಸಂದಿಯಲ್ಲಿ ಬೆಚ್ಚಗೆ ಇಳಿಯುತ್ತಿತ್ತು. ಅದನ್ನೇ ನೋಡುತ್ತ ಕೂತೆ. ಕೊನೆಗೆ ಹೆಂಡತಿಯೇ ಬಂದು ಚೊಂಬು ಎತ್ತಿಕೊಂಡು ಹೋಗಬೇಕಾಯಿತು.